ಜ್ವಾಲೆಯಿಲ್ಲದೆ ಚಿಮಟ ಶುದ್ಧವಾಗುತ್ತದೆಯೇ?

ಓದುಗರ ಪ್ರಶ್ನೆ

ಸರ್, ಶಿರಸಿ ಪೇಟೆಯಿಂದ ಸ್ವಲ್ಪ ದೂರದಲ್ಲಿ, ನಮ್ಮ ಮನೆಗೆ ತಾಗಿದಂತೆಯೇ ಚಿಕ್ಕದೊಂದು ಟಿಶ್ಯೂ ಕಲ್ಚರ್ ಲ್ಯಾಬ್ (ಗಿಡದ ಚೂರಿನಿಂದ ಬಾಟಲಿಯಲ್ಲಿ ಸಸಿ ಬೆಳೆಸುವ ಜಾಗ) ನಡೆಸುತ್ತಿದ್ದೇನೆ. ಅಡಿಕೆ ತೋಟದ ನಡುವೆ ಹಾಕಲು ಜಿ-9 ಮತ್ತು ಏಲಕ್ಕಿ ಬಾಳೆಯ ಸಸಿ ಬೆಳೆಸಿ ಕೊಡುತ್ತೇವೆ. ಸೋಸಿದ ಶುದ್ಧ ಗಾಳಿ ಬೀಸುವ ಮೇಜಾದ ಲ್ಯಾಮಿನಾರ್ ಎದುರು ಇಬ್ಬರು ಹುಡುಗಿಯರು ಕೂರುತ್ತಾರೆ. ಸ್ಪಿರಿಟ್ ದೀಪ, ಪಕ್ಕದಲ್ಲಿ ಸ್ಪಿರಿಟ್ ತುಂಬಿದ ಗಾಜಿನ ಜಾರು, ಚಿಮಟವನ್ನು ಅದ್ದುವುದು, ಸುಡುವುದು. ಇಷ್ಟು ದಿನ ಇದೇ ಪದ್ಧತಿ. ಕಳೆದ ಜೂನ್‌ನಲ್ಲಿ ಒಬ್ಬಳು ಉರಿ ಆರಿದೆ ಎಂದುಕೊಂಡು ಚಿಮಟವನ್ನು ಜಾರಿಗೆ ಇಳಿಸಿದಳು. ಜಾರೇ ಹೊತ್ತಿಕೊಂಡಿತು. ಗ್ಲೌಸ್ ಕರಗಿ ಎರಡು ಬೆರಳು ಸುಟ್ಟವು. ಮರುವಾರವೇ ಕಾದ ಗಾಜಿನ ಮಣಿಗಳಲ್ಲಿ ಉಪಕರಣ ಶುದ್ಧ ಮಾಡುವ ಗ್ಲಾಸ್ ಬೀಡ್ ಸ್ಟೆರಿಲೈಸರ್ ತರಿಸಿದೆ. "250 ಡಿಗ್ರಿ, 10 ಸೆಕೆಂಡ್, ಯಾವ ಜೀವಿಯೂ ಉಳಿಯುವುದಿಲ್ಲ" ಎಂದರು ಮಾರಿದವರು. ಆದರೆ ಆಗಸ್ಟ್‌ನಿಂದ ನೂರು ಬಾಟಲಿಗೆ ಹದಿನೈದರಷ್ಟು ಹಾಳಾಗುತ್ತಿವೆ. ನಾಲ್ಕೈದು ದಿನಕ್ಕೆ ಸಸಿಯ ಬುಡದ ಸುತ್ತ ಹಾಲು ಚೆಲ್ಲಿದಂತೆ ಬಿಳಿ ಮಬ್ಬು. ಹುಬ್ಬಳ್ಳಿಯಲ್ಲಿ ಇದೇ ಕೆಲಸ ಮಾಡುವ ಪರಿಚಯದವರೊಬ್ಬರು "ಬೆಂಕಿ ಮುಟ್ಟದ ಲೋಹ ಶುದ್ಧವಾಗುವುದಿಲ್ಲ, ದೀಪಕ್ಕೇ ಮರಳಿ" ಎನ್ನುತ್ತಾರೆ. ಮರಳಬೇಕೇ? ಇನ್‌ಫ್ರಾರೆಡ್ ಯಂತ್ರ ಇದಕ್ಕಿಂತ ಒಳ್ಳೆಯದೇ? ಹಿಂದೊಮ್ಮೆ ದಂತವೈದ್ಯರೊಬ್ಬರ ಬಳಿ ಇಂಥದೇ ಯಂತ್ರ ನೋಡಿದ್ದೆ. ಅಲ್ಲಿ ನಡೆಯುವುದು ಇಲ್ಲಿ ಏಕೆ ನಡೆಯುತ್ತಿಲ್ಲ? ನಮ್ಮ ಯಂತ್ರದ ಮತ್ತು ಬಾಟಲಿಗಳ ಫೋಟೊ ಕಳಿಸಿದ್ದೇನೆ.

ಉತ್ತರ

ದೀಪಕ್ಕೆ ಮರಳಬೇಡಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನೀವು ಈ ಉತ್ತರವನ್ನು ಓದಿ ಮುಗಿಸುವ ಮೊದಲು ಯಾರಾದರೂ ಮತ್ತೆ ಜಾರು ತುಂಬಿಸಿ ಇಟ್ಟಾರು ಎಂಬ ಭಯ ನನಗಿದೆ. ನಿಮ್ಮ ಹುಡುಗಿಯ ಬೆರಳು ಸುಟ್ಟ ರೀತಿ ನನಗೆ ಹೊಸದಲ್ಲ. ಕಾರವಾರದಲ್ಲಿ ಸಮುದ್ರದ ಬ್ಯಾಕ್ಟೀರಿಯಾಗಳ ಜೊತೆ ಕಳೆದ ಇಷ್ಟು ವರ್ಷಗಳಲ್ಲಿ ಇದೇ ಅಪಘಾತವನ್ನು ಮೂರು ಸಲ ಕಣ್ಣಾರೆ ನೋಡಿದ್ದೇನೆ. ಮೂರೂ ಸಲ ಒಂದೇ ಕಾರಣ. ಸ್ಪಿರಿಟ್ಟಿನ ಉರಿ ತೆಳು ನೀಲಿ. ಲ್ಯಾಮಿನಾರ್‌ನ ಬಿಳಿ ಟ್ಯೂಬ್‌ಲೈಟಿನ ಕೆಳಗೆ ಅದು ಕಾಣುವುದೇ ಇಲ್ಲ. ಆರಿದೆ ಎಂದುಕೊಂಡೇ ಎಲ್ಲರೂ ಅದ್ದುವುದು. ಹುಡುಗಿಯ ತಪ್ಪು ಎಂದು ಯಾರೂ ಅವಳಿಗೆ ಹೇಳದಿರಲಿ. ಕಾಣದ ಉರಿಯ ಪಕ್ಕದಲ್ಲಿ ತೆರೆದ ಜಾರು ಇಟ್ಟ ಪದ್ಧತಿಯದೇ ತಪ್ಪು.

ಸ್ಪಿರಿಟ್ಟಿನ ಮುಖ್ಯ ಅಂಶವಾದ ಎಥನಾಲ್ ಶುದ್ಧವಾಗಿದ್ದರೆ ಅದರ ಆವಿ 13 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿಗೆ ಹೊತ್ತಿಕೊಳ್ಳುವಷ್ಟು ಏಳುತ್ತದೆ. ಶೇ. 70ರ ದ್ರಾವಣಕ್ಕೂ 17 ಡಿಗ್ರಿಯ ಆಸುಪಾಸು ಸಾಕು. ನಮ್ಮ ಜಿಲ್ಲೆಯಲ್ಲಿ, ಕರಾವಳಿಯಿರಲಿ ಘಟ್ಟದ ಮೇಲಿರಲಿ, ಕೋಣೆಯೊಳಗೆ ಅದಕ್ಕಿಂತ ತಣ್ಣಗಿರುವ ದಿನಗಳೇ ಅಪರೂಪ. ಅಂದರೆ ಮುಚ್ಚಳ ತೆಗೆದ ಜಾರು ಸದಾ ಹೊತ್ತಲು ತಯಾರಾಗಿಯೇ ಇರುತ್ತದೆ. ಆವಿ ಗಾಳಿಗಿಂತ ಭಾರ, ಮೇಜಿನ ಮೇಲೆ ಹರಿದು ದೀಪದತ್ತ ತಾನೇ ಹೋಗುತ್ತದೆ. ನಿಮ್ಮದು ಗಾಳಿಯನ್ನು ಎದುರಿಗೆ ಕುಳಿತವರತ್ತ ತಳ್ಳುವ ಅಡ್ಡ ಲ್ಯಾಮಿನಾರ್. ಹೊತ್ತಿದ ಜಾರಿನ ಉರಿಯನ್ನೂ ಅದು ಅವರ ಮುಖದ ಕಡೆಗೇ ತಳ್ಳುತ್ತದೆ. ಆ ದಿನ ಎರಡು ಬೆರಳಿಗೆ ಮುಗಿಯಿತಲ್ಲ ಎಂದು ಓದುತ್ತ ಓದುತ್ತ ನಿಟ್ಟುಸಿರು ಬಿಟ್ಟೆ.

ಇನ್ನು ನಿಮ್ಮ ನಿಜವಾದ ಚಿಂತೆ. ದೀಪ ಬಿಟ್ಟ ಮೇಲೆ ಬಾಟಲಿ ಹಾಳಾಗತೊಡಗಿದವು, ಹಾಗಾದರೆ ಹೊಸ ಯಂತ್ರ ಚಿಮಟವನ್ನು ಶುದ್ಧ ಮಾಡುತ್ತಿಲ್ಲವೇ? ಇದರಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಯಂತ್ರಕ್ಕೆ ಕೊಲ್ಲುವ ಶಕ್ತಿ ಇದೆಯೇ ಎನ್ನುವುದು ಒಂದು. ನಿಮ್ಮ ಬಾಟಲಿಯ ಬಿಳಿ ಮಬ್ಬು ಚಿಮಟದಿಂದಲೇ ಬಂತೇ ಎನ್ನುವುದು ಇನ್ನೊಂದು.

ಕೊಲ್ಲುವುದು ಶಾಖ

"ಬೆಂಕಿ ಮುಟ್ಟದ ಲೋಹ ಶುದ್ಧವಲ್ಲ" ಎಂಬ ಮಾತು ನಮ್ಮ ಪೀಳಿಗೆಯ ಎಲ್ಲರ ತಲೆಯಲ್ಲೂ ಕೂತಿದೆ. ಬ್ಯಾಕ್ಟೀರಿಯಾ ಎತ್ತುವ ತಂತಿಯ ಕುಣಿಕೆ, ಅಂದರೆ ಲೂಪ್, ಕೆಂಪಗೆ ಕಾಯಬೇಕು ಎಂದು ಕಲಿತವರು ನಾವು. ಆದರೆ ಕೆಂಪು ಬಣ್ಣಕ್ಕೂ ಬ್ಯಾಕ್ಟೀರಿಯಾದ ಸಾವಿಗೂ ನೇರ ಸಂಬಂಧವಿಲ್ಲ. ಲೋಹ ಕಣ್ಣಿಗೆ ಮಸುಕಾಗಿ ಕೆಂಪು ಕಾಣತೊಡಗುವುದು ಸುಮಾರು 525 ಡಿಗ್ರಿಯಲ್ಲಿ. ಅದಕ್ಕಿಂತ ಎಷ್ಟೋ ಕೆಳಗೇ ಎಲ್ಲ ಜೀವಿಗಳೂ ಸತ್ತಿರುತ್ತವೆ. ಕೆಂಪಾಗುವುದರ ಉಪಯೋಗ ಬೇರೆ: ಕಾದಿದೆ ಎನ್ನುವುದಕ್ಕೆ ಅದು ಕಣ್ಣಿಗೆ ಸಿಗುವ ಸಾಕ್ಷಿ. ದೀಪ ಬಿಟ್ಟಾಗ ನೀವು ಕಳೆದುಕೊಂಡದ್ದು ಆ ಸಾಕ್ಷಿಯನ್ನು, ಶಾಖವನ್ನಲ್ಲ. ಮಣಿಗಳೊಳಗೆ ಹೋಗಿ ಬಂದ ಚಿಮಟ 100 ಡಿಗ್ರಿಯಲ್ಲಿದ್ದರೂ 250ರಲ್ಲಿದ್ದರೂ ನೋಡಲು ಒಂದೇ. ನಿಮ್ಮ ಈಗಿನ ತೊಂದರೆಯ ಅರ್ಧ ಭಾಗ ಇಲ್ಲಿದೆ.

ಬೀಜಕಗಳು, ಅಂದರೆ ಲ್ಯಾಬಿನಲ್ಲಿ ನಾವು ಸ್ಪೋರ್ ಎನ್ನುವವು, ಒಣ ಶಾಖಕ್ಕೆ ಸುಲಭದಲ್ಲಿ ಬಗ್ಗುವುದಿಲ್ಲ. 1881ರಲ್ಲಿ ಜರ್ಮನಿಯ ವಿಜ್ಞಾನಿಗಳಾದ ರಾಬರ್ಟ್ ಕಾಖ್ ಮತ್ತು ವೂಲ್ಫ್‌ಹ್ಯೂಗೆಲ್ ಬಿಸಿಗಾಳಿಯನ್ನು ಪರೀಕ್ಷಿಸಿದಾಗ ಬೀಜಕಗಳನ್ನು ಕೊಲ್ಲಲು 140 ಡಿಗ್ರಿಯಲ್ಲಿ 3 ತಾಸು ಬೇಕಾಯಿತು. ಹಬೆಯಲ್ಲಾದರೆ ನೀರು ಪ್ರೋಟೀನನ್ನು ಬೇಗ ಬೇಯಿಸಿ ಕೆಡಿಸುತ್ತದೆ, ಹಾಗಾಗಿ ಒತ್ತಡದ ಹಬೆಯ ಪಾತ್ರೆಯಾದ ಆಟೋಕ್ಲೇವಿನಲ್ಲಿ 121 ಡಿಗ್ರಿಗೆ 15ರಿಂದ 20 ನಿಮಿಷ ಸಾಕು. ನೀರಿಲ್ಲದ ಕಡೆ ಜೀವಕೋಶ ನಿಧಾನಕ್ಕೆ ಸುಟ್ಟು ಸಾಯಬೇಕು. ಆದ್ದರಿಂದಲೇ ಹಾಟ್ ಏರ್ ಓವನ್‌ಗೆ 160 ಡಿಗ್ರಿಯಲ್ಲಿ 2 ತಾಸು, 170ರಲ್ಲಿ 1 ತಾಸು ಎಂಬ ಲೆಕ್ಕ.

ಹಾಗಿದ್ದರೆ ನಿಮ್ಮ ಯಂತ್ರಕ್ಕೆ ಬರೀ ಸೆಕೆಂಡುಗಳು ಹೇಗೆ ಸಾಲುತ್ತವೆ? ಒಣ ಶಾಖದಲ್ಲಿ ಉಷ್ಣತೆ 20 ಡಿಗ್ರಿ ಏರಿದ ಹಾಗೆಲ್ಲ ಸಾಯುವ ವೇಗ ಸುಮಾರು 10 ಪಟ್ಟು ಏರುತ್ತದೆ ಎಂಬ ಲೆಕ್ಕವನ್ನು ಔಷಧ ತಯಾರಿಕೆಯವರು ಬಳಸುತ್ತಾರೆ. ಅದನ್ನು ಹಿಡಿದರೆ 160 ಡಿಗ್ರಿಯಲ್ಲಿ 2 ತಾಸಿನ ಕೆಲಸ 250 ಡಿಗ್ರಿಯಲ್ಲಿ ಒಂದು ಸೆಕೆಂಡಿಗೂ ಮೊದಲೇ ಮುಗಿಯುತ್ತದೆ. ಮಾರಿದವರು ಹೇಳಿದ್ದು ಸುಳ್ಳಲ್ಲ. ಅವರು ಹೇಳದೆ ಬಿಟ್ಟದ್ದೊಂದಿದೆ. 250 ಡಿಗ್ರಿ ಇರಬೇಕಾದದ್ದು ಚಿಮಟದ ಮೈ; ಪರದೆಯ ಮೇಲಿನ ಅಂಕಿ ತೋರಿಸುವುದು ಯಂತ್ರದ ಸೆನ್ಸರ್ ಇರುವ ಜಾಗದ ಬಿಸಿಯನ್ನು. 10 ಸೆಕೆಂಡೋ 20 ಸೆಕೆಂಡೋ ಹಿಡಿಯುವುದು ಜೀವಿ ಸಾಯಲಿಕ್ಕೆ ಅಲ್ಲ, ಲೋಹ ಕಾಯಲಿಕ್ಕೆ.

ಮಂಡಕ್ಕಿ ಭಟ್ಟಿ ನೋಡಿದ್ದೀರಲ್ಲ? ಕಾದ ಹೊಯ್ಗೆಯಲ್ಲಿ ಹಾಕಿದ ಅಕ್ಕಿ ಕ್ಷಣದಲ್ಲಿ ಅರಳುತ್ತದೆ. ಬಿಸಿಗಾಳಿಯಲ್ಲಿ ಅದೇ ಅಕ್ಕಿಯನ್ನು ಹಿಡಿದುಕೊಂಡರೆ ಅಷ್ಟು ಬೇಗ ಆಗುವುದಿಲ್ಲ. ಹೊಯ್ಗೆಯ ಕಣ ಅಕ್ಕಿಯನ್ನು ಎಲ್ಲ ಕಡೆಯಿಂದ ಮುಟ್ಟಿ ಶಾಖ ದಾಟಿಸುತ್ತದೆ. ಗ್ಲಾಸ್ ಬೀಡ್ ಸ್ಟೆರಿಲೈಸರ್ ಇದೇ ಭಟ್ಟಿ, ಹೊಯ್ಗೆಯ ಬದಲು ಒಂದೂವರೆ ಎರಡು ಮಿಲಿಮೀಟರ್‌ನ ಗಾಜಿನ ಮಣಿಗಳು. ಭಟ್ಟಿಯವರು ಅಕ್ಕಿಯನ್ನು ಹೊಯ್ಗೆಯಲ್ಲಿ ಮುಳುಗಿಸಿ ಮಗುಚುತ್ತಲೇ ಇರುತ್ತಾರೆ, ಮೇಲೆ ಉಳಿದ ಕಾಳು ಅರಳುವುದಿಲ್ಲ ಎಂದು ಅವರಿಗೆ ಗೊತ್ತು. ಮಣಿಗಳಲ್ಲೂ ಹಾಗೆಯೇ. ತಳ ಮತ್ತು ಗೋಡೆಯ ಹತ್ತಿರ ಹೆಚ್ಚು ಬಿಸಿ, ಮೇಲ್ಪದರ ಮತ್ತು ನಡುಭಾಗ ಕಡಿಮೆ. ನಮ್ಮ ಲ್ಯಾಬಿನ ಯಂತ್ರಕ್ಕೆ ಉಷ್ಣತೆ ಅಳೆಯುವ ಥರ್ಮೋಕಪಲ್ ತಂತಿ ಇಳಿಸಿ ನೋಡಿದಾಗ ಪರದೆ 250 ಎನ್ನುತ್ತಿದ್ದರೂ ಮೇಲಿನ ಒಂದು ಸೆಂಟಿಮೀಟರ್‌ನಲ್ಲಿ ಹತ್ತಾರು ಡಿಗ್ರಿ ಕಡಿಮೆ ಇತ್ತು. ಲ್ಯಾಮಿನಾರ್‌ನ ಗಾಳಿ ನೇರವಾಗಿ ಯಂತ್ರದ ಬಾಯಿಯ ಮೇಲೆ ಬೀಸುವಾಗ ಇನ್ನೂ ಕಡಿಮೆ.

ನಿಮ್ಮ ಫೋಟೊಗಳಲ್ಲಿ ಕಂಡದ್ದು

ಎರಡನೆಯ ಫೋಟೊವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದೆ. ಗುಳಿಯ ಮುಕ್ಕಾಲು ಭಾಗಕ್ಕಷ್ಟೇ ಮಣಿ ಇದೆ. ಅಷ್ಟುದ್ದದ ಚಿಮಟದ ತುದಿ ಎರಡು ಬೆರಳಿನ ಅಗಲದಷ್ಟು ಮಾತ್ರ ಒಳಗಿದೆ. ಆದರೆ ಮೊದಲ ಫೋಟೊದಲ್ಲಿ ಅದೇ ಚಿಮಟ ಬಾಟಲಿಯ ಕುತ್ತಿಗೆ ದಾಟಿ ಅರ್ಧದವರೆಗೆ ಇಳಿದಿದೆ, ಮೈ ಬಾಟಲಿಯ ಬಾಯಿಗೆ ತಾಗಿದೆ. ಒಳಗೆ ಹೋಗುವ ಭಾಗದಲ್ಲಿ ಅರ್ಧ ಮಾತ್ರ ಕಾದಿದೆ, ಉಳಿದದ್ದು ಕೈಯಲ್ಲಿದ್ದ ಹಾಗೆಯೇ ಹೋಗಿದೆ.

ಚಿಮಟದ ತುದಿಗಿಂತ ಸ್ವಲ್ಪ ಮೇಲೆ ಕಂದು ಬಣ್ಣದ ಉಂಗುರವಿದೆ. ಅದು ತುಕ್ಕು ಅಲ್ಲ, ಸುಟ್ಟ ಸಕ್ಕರೆ. ಬಾಳೆಗೆ ಬಳಸುವ ಎಂ.ಎಸ್. ಮೀಡಿಯಾದಲ್ಲಿ, ಅಂದರೆ ಸಸಿಗೆ ಊಟವಾಗುವ ಪೋಷಕ ಮಿಶ್ರಣದಲ್ಲಿ, ಲೀಟರ್‌ಗೆ 30 ಗ್ರಾಂ ಸಕ್ಕರೆ ಇರುತ್ತದೆ, ಜೊತೆಗೆ ಅದನ್ನು ಗಟ್ಟಿಯಾಗಿಸುವ ಅಗಾರ್. ಒರೆಸದೆ ಮಣಿಗೆ ಇಳಿಸಿದರೆ ಅದು ಬೆಲ್ಲದ ಪಾಕದಂತೆ ಅಂಟಿ, ಕರಗಿ, ಕರಿಯಾಗುತ್ತದೆ. ಆ ಪದರ ಶಾಖವನ್ನು ತಡೆಯುತ್ತದೆ, ಅದರ ಅಡಿಯಲ್ಲಿ ಕುಳಿತ ಬೀಜಕಕ್ಕೆ ಕಂಬಳಿ ಹೊದಿಸಿದಂತೆ. ಗುಳಿಯ ಎಡಭಾಗದಲ್ಲಿ ಐದಾರು ಮಣಿಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿರುವುದೂ ಇದರಿಂದಲೇ. ಅಂಟಿದ ಮುದ್ದೆ ಲೋಹವನ್ನು ಎಲ್ಲ ಕಡೆಯಿಂದ ಮುಟ್ಟುವುದಿಲ್ಲ.

ಇನ್ನೊಂದು ಫೋಟೊದಲ್ಲಿ ಸ್ಪಿರಿಟ್ ಜಾರು ಈಗಲೂ ಇದೆ! ಚಿಮಟವನ್ನು ಅದರಲ್ಲಿ ಅದ್ದಿ ಆಮೇಲೆ ಮಣಿಗೆ ಇಳಿಸುತ್ತಿದ್ದೀರಿ ಎಂದು ಊಹಿಸುತ್ತೇನೆ. ಹಳೆಯ ಅಭ್ಯಾಸ ಕೈಬಿಡುವುದಿಲ್ಲ, ಅರ್ಥವಾಗುತ್ತದೆ. ಆದರೆ ಒದ್ದೆ ಲೋಹ ಮಣಿಗೆ ಹೋದರೆ ಮೊದಲಿನ ಸೆಕೆಂಡುಗಳೆಲ್ಲ ದ್ರವವನ್ನು ಆವಿ ಮಾಡುವುದರಲ್ಲಿ ಕಳೆಯುತ್ತವೆ, ಲೋಹ ಕಾಯುವುದಿಲ್ಲ. ನೀರಿನ ಹನಿ ಬಿದ್ದರೆ ಮಣಿ ಸಿಡಿದು ಸೀಳಬಹುದು. ಸೀಳಿದ ಚೂರು ಚಿಮಟದ ಹಲ್ಲಿನ ಸಂದಿಯಲ್ಲಿ ಸಿಕ್ಕಿ ನೇರ ಬಾಟಲಿಗೆ ಹೋಗುತ್ತದೆ.

ಇಷ್ಟು ಸರಿಮಾಡಿದರೆ ಯಂತ್ರದ ಕಡೆಯ ದೋಷ ಬಹುತೇಕ ಹೋಗುತ್ತದೆ. ಆದರೆ ಬಿಳಿ ಮಬ್ಬು ಹೋಗುತ್ತದೆ ಎಂದು ನಾನು ಭರವಸೆ ಕೊಡಲಾರೆ.

ಮಬ್ಬು ಎಲ್ಲಿಂದ ಬಂತು?

ಈ ಪ್ರಶ್ನೆಯಲ್ಲೇ ಹೆಚ್ಚು ಹೊತ್ತು ನಿಲ್ಲಬೇಕು. ಬಾಟಲಿಯಲ್ಲಿ ಕಲೆ ಎಲ್ಲಿ ಹುಟ್ಟಿದೆ ಎನ್ನುವುದೇ ಅರ್ಧ ಉತ್ತರ ಹೇಳುತ್ತದೆ. ಸಸಿಯಿಂದ ದೂರ, ಅಗಾರಿನ ಮೇಲ್ಮೈಯಲ್ಲಿ ಬಿಡಿ ಚುಕ್ಕೆ ಎದ್ದರೆ ಗಾಳಿ, ಕೈ ಅಥವಾ ಮುಚ್ಚಳ. ಹತ್ತಿಯಂತೆ ಬೂಷ್ಟು ಬೆಳೆದರೆ ಫಿಲ್ಟರ್ ಮತ್ತು ಕೋಣೆಯ ಕಡೆ ನೋಡಬೇಕು. ಆಗಸ್ಟ್‌ನ ಶಿರಸಿಯಲ್ಲಿ ಗೋಡೆಯೂ ಬೂಷ್ಟು ಹಿಡಿಯುತ್ತದೆ, ಅದು ಬೇರೆಯೇ ಕತೆ. ಚಿಮಟದ ಮೊನೆ ಅಗಾರಿಗೆ ಚುಚ್ಚಿದ ಗುರುತಿನ ಉದ್ದಕ್ಕೂ ಮಬ್ಬು ಇದ್ದರೆ ಉಪಕರಣದ ಮೇಲೆ ಸಂಶಯ. ಸಸಿಯ ಬುಡವನ್ನೇ ಸುತ್ತುವರಿದು ಹಾಲಿನಂತೆ ಹರಡಿದ್ದರೆ ಅದು ಹೆಚ್ಚಾಗಿ ಸಸಿಯ ಒಳಗಿನಿಂದಲೇ ಬಂದದ್ದು.

ನಿಮ್ಮ ಬಾಟಲಿಗಳಲ್ಲಿ ಕೊನೆಯದೇ ಹೆಚ್ಚು. ಬಾಳೆಯ ಕಂದನ್ನು ಮಣ್ಣಿನಿಂದ ತೆಗೆದು ಎಷ್ಟು ತೊಳೆದರೂ, ಮರ್ಕ್ಯುರಿಕ್ ಕ್ಲೋರೈಡ್ ಹಾಕಿದರೂ, ಅಂಗಾಂಶದ ಒಳಗೆ ವಾಸಿಸುವ ಬ್ಯಾಕ್ಟೀರಿಯಾಗಳಿಗೆ ಅದು ತಲುಪುವುದಿಲ್ಲ. ಅವು ನಾಲ್ಕೈದು ಸಲ ಸಸಿಯನ್ನು ಕತ್ತರಿಸಿ ಹೊಸ ಬಾಟಲಿಗೆ ಸಾಗಿಸುವವರೆಗೆ, ಅಂದರೆ ನಾಲ್ಕೈದು ಸಬ್‌ಕಲ್ಚರ್‌ವರೆಗೆ ಸುಮ್ಮನಿದ್ದು ಆಮೇಲೆ ಕಾಣಿಸಿಕೊಳ್ಳುವುದುಂಟು. ಎಂ.ಎಸ್. ಮೀಡಿಯಾ ಅವುಗಳಿಗೆ ಇಷ್ಟದ ಊಟವಲ್ಲ, ಆದ್ದರಿಂದ ಬೆಳೆದರೂ ಕಣ್ಣಿಗೆ ಬೀಳದೆ ಇರಬಲ್ಲವು. ಹೊಸ ಬಾಟಲಿಗಳಿಗೆ ಚೂರು ಒದಗಿಸುವ ಅಂಥ ಒಂದು ತಾಯಿ ಬಾಟಲಿಯ ಸಸಿಯನ್ನು ಕತ್ತರಿಸಿದ ಬ್ಲೇಡು ಮುಂದಿನ ಹತ್ತು ಬಾಟಲಿಗೆ ಅದನ್ನು ಹಂಚುತ್ತದೆ.

ಇಲ್ಲಿ ಸ್ಪಿರಿಟ್ ಜಾರಿನ ಪಾತ್ರ ಬರುತ್ತದೆ. ಆಲ್ಕೊಹಾಲ್ ಬೀಜಕಗಳನ್ನು ಕೊಲ್ಲುವುದಿಲ್ಲ. ಬ್ಯಾಸಿಲಸ್ ಜಾತಿಯ ಬೀಜಕಗಳು ಸ್ಪಿರಿಟ್‌ನಲ್ಲಿ ದಿನಗಟ್ಟಲೆ ಜೀವಂತವಾಗಿಯೇ ಇರುತ್ತವೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಟಿಶ್ಯೂ ಕಲ್ಚರ್ ಸಸಿಗಳಲ್ಲಿ ಅಡಗಿದ್ದ, ಆಲ್ಕೊಹಾಲಿಗೆ ಜಗ್ಗದ ಬ್ಯಾಸಿಲಸ್‌ಗಳನ್ನು ಬೇರ್ಪಡಿಸಿ ತೋರಿಸಿದ್ದಾರೆ. ಇಡೀ ದಿನ ಚಿಮಟ ಅದ್ದುವ ಜಾರು ಒಂದು ಸಸಿಯ ಬೀಜಕವನ್ನು ಎಲ್ಲ ಸಸಿಗೂ ಬಡಿಸುವ ಪಾತ್ರೆಯಾಗುತ್ತದೆ. ಅದ್ದಿ ಸುಟ್ಟರೆ ಸಾಯುವುದಿಲ್ಲವೇ ಎಂದು ಕೇಳಬಹುದು. ದಪ್ಪ ಚಿಮಟದ ಮೇಲಿನ ಸ್ಪಿರಿಟ್ ಎರಡು ಮೂರು ಸೆಕೆಂಡಿನಲ್ಲಿ ಉರಿದು ಮುಗಿಯುತ್ತದೆ. ಅಷ್ಟರಲ್ಲಿ ಲೋಹದ ಮೈ ಬೀಜಕ ಸಾಯುವಷ್ಟು ಕಾಯುವುದೇ ಇಲ್ಲ. ಉರಿಯ ತೋರಿಕೆ ದೊಡ್ಡದು, ಶಾಖ ಚಿಕ್ಕದು. ಆದ್ದರಿಂದ ನಿಮ್ಮ ಪರಿಚಯದವರಿಗೆ ಹೇಳಿ: ಅದ್ದಿ ಸುಡುವ ಪದ್ಧತಿಯಲ್ಲಿ ಬೆಂಕಿ ಮುಟ್ಟಿದ ಲೋಹವೂ ಶುದ್ಧವಾಗಿರಲೇಬೇಕೆಂದಿಲ್ಲ. ನಿಮ್ಮಲ್ಲಿ ಈ ಬ್ಯಾಕ್ಟೀರಿಯಾ ದೀಪದ ಕಾಲದಲ್ಲೇ ತಾಯಿ ಬಾಟಲಿಗಳಿಗೆ ಹಬ್ಬಿ, ಆಗಸ್ಟ್‌ನಲ್ಲಿ ಮುಖ ತೋರಿಸಿರುವ ಸಾಧ್ಯತೆಯೇ ಹೆಚ್ಚೆಂದು ನನ್ನ ಅಂದಾಜು.

ಅಂದಾಜಿನ ಮೇಲೆ ನಿಲ್ಲುವುದು ಬೇಡ. ಮೂರು ಪರೀಕ್ಷೆ ಮಾಡಿ. ಖರ್ಚು ಬ್ಯಾಕ್ಟೀರಿಯಾ ಬೆಳೆಸುವ ನ್ಯೂಟ್ರಿಯಂಟ್ ಅಗಾರ್ ಪುಡಿ ಒಂದಿಷ್ಟು ಮಾತ್ರ.

ಮೊದಲನೆಯದು, ಸಸಿಯೇ ಇಲ್ಲದ ಪರೀಕ್ಷೆ. ನ್ಯೂಟ್ರಿಯಂಟ್ ಅಗಾರ್ ಹಾಕಿದ ಇಪ್ಪತ್ತು ಬಾಟಲಿ ತಯಾರಿಸಿ. ಚಿಮಟವನ್ನು ಮಣಿಯಲ್ಲಿ ಕಾಯಿಸಿ, ಆರಿಸಿ, ಎಂದಿನಂತೆ ಬಾಟಲಿಗೆ ಇಳಿಸಿ ಅಗಾರನ್ನು ಚುಚ್ಚಿ ಮುಚ್ಚಿ. ಇನ್ನೈದು ಬಾಟಲಿಗಳನ್ನು ತೆರೆದು ಏನೂ ಮುಟ್ಟಿಸದೆ ಮುಚ್ಚಿಡಿ. 30ರಿಂದ 37 ಡಿಗ್ರಿಯಲ್ಲಿ ಒಂದು ವಾರ ಇಟ್ಟು ನೋಡಿ. ಚುಚ್ಚಿದವು ಹಾಳಾಗಿ ಮುಟ್ಟದವು ಚೆನ್ನಾಗಿದ್ದರೆ ದೋಷ ಚಿಮಟದ್ದು. ಎರಡೂ ಹಾಳಾದರೆ ಗಾಳಿಯದು ಅಥವಾ ಆಟೋಕ್ಲೇವಿನದು. ಎರಡೂ ಶುದ್ಧವಿದ್ದರೆ ಸಸಿಯತ್ತ ತಿರುಗಿ.

ಎರಡನೆಯದು ಸ್ಪಿರಿಟ್ಟಿನದು. ಬಳಸಿದ ಜಾರಿನಿಂದ 1 ಮಿ.ಲೀ. ತೆಗೆದು ಶುದ್ಧ ಪ್ಲೇಟಿಗೆ ಹಾಕಿ, ಲ್ಯಾಮಿನಾರ್‌ನಲ್ಲಿ ಪೂರ್ತಿ ಆರಲು ಬಿಡಿ. ಆ ಹೊತ್ತಿಗೆ ಸುತ್ತ ಯಾವ ದೀಪವೂ, ಕಾದ ಯಂತ್ರವೂ ಇರಬಾರದು. ಆರಿದ ಮೇಲೆ ಕೈಗೆ ತಾಳುವಷ್ಟು ಬಿಸಿಯ ಅಗಾರ್ ಸುರಿಯಿರಿ. ನಮ್ಮ ಲ್ಯಾಬಿನ ಅಕ್ಕೋರು ಒಬ್ಬರು, ಮೂವತ್ತು ವರ್ಷ ಮೀಡಿಯಾ ಕಾಯಿಸಿದವರು, ಈ ಪ್ಲೇಟನ್ನು ಎರಡನೆಯ ದಿನ ಕೈಯಲ್ಲಿ ಹಿಡಿದು ನಿಂತದ್ದು ನನಗೆ ಇನ್ನೂ ನೆನಪಿದೆ. ಪ್ಲೇಟಿನ ತುಂಬ ಬಿಳಿ, ಒಣಗಿದ ಗಂಜಿಯಂಥ ಕಾಲನಿಗಳು. "ಇಷ್ಟು ವರ್ಷ ಇದರಲ್ಲೇ ಅದ್ದಿದೆವಲ್ಲ" ಎಂದರು, ಅಷ್ಟೇ. ಮರುದಿನದಿಂದ ಆ ಕೋಣೆಯಲ್ಲಿ ಅದ್ದುವ ಜಾರು ಕಾಣಲಿಲ್ಲ.

ಮೂರನೆಯದಕ್ಕೆ ಒಂದು ಮಾರ್ಕರ್ ಪೆನ್ ಸಾಕು. ಬಾಟಲಿಗಳ ಮೇಲೆ ಕೆಲಸ ಮಾಡಿದ ಕ್ರಮದಲ್ಲಿ ಸಂಖ್ಯೆ ಮತ್ತು ತಾಯಿ ಬಾಟಲಿಯ ಸಂಖ್ಯೆ ಬರೆಯಿರಿ. ಹಾಳಾದವು ಒಂದೇ ತಾಯಿಯ ಮಕ್ಕಳಾಗಿದ್ದರೆ ರೋಗ ಸಸಿಯೊಳಗಿನದು. ಒಂದು ತಾಯಿಯಿಂದ ಶುರುವಾಗಿ ಮುಂದಿನ ತಾಯಿಯ ಮೊದಲ ಒಂದೆರಡು ಬಾಟಲಿಗೂ ದಾಟಿದ್ದರೆ ನಡುವೆ ಚಿಮಟ ಶುದ್ಧವಾಗಿಲ್ಲ.

ಈಗಿರುವ ಯಂತ್ರವನ್ನು ಬಳಸುವ ಬಗೆ

ನನ್ನ ಸಲಹೆ, ಇರುವ ಯಂತ್ರವನ್ನೇ ಇಟ್ಟುಕೊಳ್ಳಿ, ಆದರೆ ಅದರ ಮೇಲೆ ಪೂರ್ತಿ ಭಾರ ಹಾಕಬೇಡಿ. ಚಿಮಟ, ಸ್ಕಾಲ್ಪೆಲ್ ಹಿಡಿಕೆಗಳನ್ನು ಹಿಂದಿನ ದಿನವೇ ತೊಳೆದು, ಒಣಗಿಸಿ, ಫಾಯಿಲ್‌ನಲ್ಲಿ ಸುತ್ತಿ ಓವನ್‌ನಲ್ಲೋ ಆಟೋಕ್ಲೇವ್‌ನಲ್ಲೋ ಇಡಿ. ಆಗ ಹಿಡಿಕೆ, ಕೀಲು, ಬ್ಲೇಡ್ ಕೂರುವ ಸಂದಿ ಎಲ್ಲವೂ ಶುದ್ಧ. ಮಣಿಯ ಯಂತ್ರಕ್ಕೆ ಉಳಿಯುವುದು ಬಾಟಲಿಯಿಂದ ಬಾಟಲಿಗೆ ಹೋಗುವಾಗ ತುದಿಯನ್ನು ಮತ್ತೆ ಶುದ್ಧ ಮಾಡುವ ಕೆಲಸ. ಅದನ್ನು ಅದು ಚೆನ್ನಾಗಿ ಮಾಡುತ್ತದೆ. ತಾಯಿ ಬಾಟಲಿ ಬದಲಾದಾಗ ಹೊಸ ಜೋಡಿ ಬಿಚ್ಚಿ. ಒಂದು ದಿನಕ್ಕೆ ಇಪ್ಪತ್ತು ಜೋಡಿ ಬೇಕಾಗಬಹುದು. ಉಪಕರಣಕ್ಕೆ ಹಾಕಿದ ಹಣ ವ್ಯರ್ಥವಲ್ಲ, ನೂರಕ್ಕೆ ಹದಿನೈದು ಬಾಟಲಿ ಚೆಲ್ಲುವುದಕ್ಕೆ ಹೋಲಿಸಿದರೆ ಕಡಿಮೆಯೇ.

ಯಂತ್ರ ಹಾಕಿದ ತಕ್ಷಣ ಕೂರಬೇಡಿ. ಪರದೆ 250 ತೋರಿಸಿದ ಮೇಲೂ ಮಣಿಗಳ ನಡುಭಾಗ ಕಾಯಲು ಸಮಯ ಬೇಕು. ಒಟ್ಟು ಅರ್ಧ ತಾಸು ಬಿಡುವುದು ನನ್ನ ರೂಢಿ. ಮಣಿ ಗುಳಿಯ ಅಂಚಿನವರೆಗೆ ತುಂಬಿರಲಿ. ಚಿಮಟಕ್ಕೆ ಅಂಟಿದ ಮೀಡಿಯಾವನ್ನು ಶುದ್ಧವಾದ ಒದ್ದೆ ಹತ್ತಿಯಿಂದ ಒರೆಸಿ, ಒಣ ಹತ್ತಿಯಿಂದ ಮತ್ತೊಮ್ಮೆ ಒರೆಸಿ. ಆಟೋಕ್ಲೇವ್ ಮಾಡಿದ ಹತ್ತಿಯ ಡಬ್ಬಿ ಇದಕ್ಕೆಂದೇ ಪಕ್ಕದಲ್ಲಿರಲಿ. ಇಳಿಸುವಾಗ ಚಿಮಟದ ಬಾಯಿ ಸ್ವಲ್ಪ ತೆರೆದಿರಲಿ, ಮುಚ್ಚಿದರೆ ಒಳಮೈಗೆ ಮಣಿ ಮುಟ್ಟುವುದಿಲ್ಲ. ಗೋಡೆಯ ಹತ್ತಿರ, ಆದಷ್ಟು ಆಳಕ್ಕೆ. ಸಣ್ಣ ಸೂಜಿಗೆ 10 ಸೆಕೆಂಡ್ ಸರಿ, ನಿಮ್ಮ ದಪ್ಪ ಚಿಮಟಕ್ಕೆ 20ರಿಂದ 30 ಕೊಡಿ. ಅದಕ್ಕೂ ಹೆಚ್ಚು ಹೊತ್ತು ಬಿಟ್ಟರೆ ಹಿಡಿಕೆಯೇ ಕಾದು ಕೈ ಸುಡುತ್ತದೆ. ತೆಗೆದಾಗ ಹಲ್ಲಿನ ಸಂದಿಯಲ್ಲಿ ಮಣಿ ಸಿಕ್ಕಿದೆಯೇ ನೋಡಿ, ಗುಳಿಯ ಅಂಚಿಗೆ ಮೆಲ್ಲಗೆ ತಟ್ಟಿ.

ಆರಿಸುವ ಜಾಗವೇ ಹಲವು ಲ್ಯಾಬುಗಳ ಗುಪ್ತ ದೋಷ. ಶುದ್ಧ ಚಿಮಟವನ್ನು ಸ್ಪಿರಿಟ್‌ನಿಂದ ಒರೆಸಿದ ಸ್ಟ್ಯಾಂಡಿನ ಮೇಲಿಟ್ಟರೆ ಸ್ಟ್ಯಾಂಡಿನ ಬೀಜಕಗಳು ಅದಕ್ಕೆ ಏರುತ್ತವೆ. ಸ್ಟ್ಯಾಂಡನ್ನೂ ಉಪಕರಣಗಳ ಜೊತೆ ಓವನ್‌ಗೆ ಹಾಕಿ. ಒಂದೆರಡು ನಿಮಿಷ ಆರಲು ಬಿಡಲೇಬೇಕು, ಬಿಸಿ ಮೊನೆ ತಾಗಿದ ಬಾಳೆಯ ಅಂಗಾಂಶ ಕಪ್ಪಗಾಗಿ ಸಾಯುತ್ತದೆ. ಒಬ್ಬಳಿಗೆ ಮೂರು ಚಿಮಟ, ಮೂರು ಹಿಡಿಕೆ ಇದ್ದರೆ ಒಂದು ಕಾಯುವಾಗ ಒಂದು ಆರುತ್ತದೆ, ಒಂದು ಕೈಯಲ್ಲಿರುತ್ತದೆ.

ಮಣಿಯ ಬಿಸಿಗೆ ಬಣ್ಣವಿಲ್ಲ, ಸದ್ದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಪರದೆ ಆರುತ್ತದೆ, ಮಣಿ ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ. ಯಂತ್ರದ ಬಾಯಿಯ ಮೇಲೆ ಕೈ ಚಾಚಿ ಏನನ್ನೂ ಎತ್ತಿಕೊಳ್ಳದಂತೆ ಅದನ್ನು ಬದಿಗೆ ಇಡಿ. ಕರೆಂಟ್ ಐದು ನಿಮಿಷ ಹೋಗಿ ಬಂದರೂ ಮತ್ತೆ ಕಾಯಲು ಸಮಯ ಕೊಡಬೇಕು. ಇನ್ವರ್ಟರ್‌ಗೆ ಸೇರಿಸುವ ಮೊದಲು ಯಂತ್ರದ ಹಿಂದೆ ಬರೆದ ವ್ಯಾಟ್ ನೋಡಿಕೊಳ್ಳಿ. ಆರು ತಿಂಗಳಿಗೊಮ್ಮೆಯಾದರೂ ಥರ್ಮೋಕಪಲ್ ಇಳಿಸಿ ಮೇಲೆ, ನಡುವೆ, ತಳದಲ್ಲಿ ಎಷ್ಟಿದೆ ಬರೆದಿಡಿ. ಕಳೆದುಹೋದ ಕೆಂಪು ಬಣ್ಣದ ಬದಲು ನಿಮ್ಮ ಕೈಗೆ ಸಿಗುವ ಸಾಕ್ಷಿ ಇದು.

ಇನ್‌ಫ್ರಾರೆಡ್ ಮತ್ತು ಉಳಿದ ದಾರಿಗಳು

ಇನ್‌ಫ್ರಾರೆಡ್ ಯಂತ್ರದ ಸೆರಾಮಿಕ್ ಕೊಳವೆಯೊಳಗೆ ಸುಮಾರು 815 ಡಿಗ್ರಿ ಇರುತ್ತದೆ. ಲೂಪ್ ತುದಿ 5ರಿಂದ 7 ಸೆಕೆಂಡಿನಲ್ಲಿ ಶುದ್ಧ. ರೋಗಾಣು ಕಲ್ಚರ್ ಮಾಡುವ ಲ್ಯಾಬುಗಳಿಗೆ ಅದು ನಿಜವಾಗಿ ಬೇಕು. ಒದ್ದೆ ಲೂಪನ್ನು ತೆರೆದ ಉರಿಗೆ ಹಿಡಿದರೆ ಜೀವಂತ ಬ್ಯಾಕ್ಟೀರಿಯಾ ಸಿಡಿದು ಗಾಳಿಗೆ ಸೇರುತ್ತದೆ, ಕೊಳವೆಯೊಳಗೆ ಸಿಡಿದದ್ದು ಅಲ್ಲೇ ಸುಡುತ್ತದೆ. ವಿಬ್ರಿಯೊ ಎಂಬ ಸಮುದ್ರದ ಬ್ಯಾಕ್ಟೀರಿಯಾದ ನಮ್ಮ ಕೆಲಸಕ್ಕೆ ನಾನು ಅದನ್ನೇ ಬಳಸುತ್ತೇನೆ. ನಿಮ್ಮ ಉದ್ದ ಚಿಮಟ, ಅಗಲ ಬ್ಲೇಡಿಗೆ ಕೊಳವೆ ಕಿರಿದು, ಬ್ಲೇಡಿನ ಹದವೂ ಹೋಗುತ್ತದೆ. ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಎಥನಾಲ್ ಸುಮಾರು 363 ಡಿಗ್ರಿಯಲ್ಲಿ ಕಿಡಿ ಇಲ್ಲದೆಯೂ ತಾನೇ ಹೊತ್ತುತ್ತದೆ. ಸ್ಪಿರಿಟ್ ಒದ್ದೆಯಿರುವ ಚಿಮಟ ಈ ಕೊಳವೆಗೆ ಹೋದರೆ ಜೂನ್‌ನಲ್ಲಾದದ್ದೇ ಮತ್ತೆ ಆಗುತ್ತದೆ. ಜ್ವಾಲೆಯಿಲ್ಲದ ಯಂತ್ರ ಎಂದರೆ ಬೆಂಕಿ ಹಿಡಿಯದ ಯಂತ್ರ ಅಂತ ಅರ್ಥವಲ್ಲ. ನಿಮಗೆ ಇದನ್ನು ಕೊಳ್ಳಿ ಎನ್ನಲಾರೆ.

ಯಂತ್ರವೇ ಬೇಡ, ಓವನ್‌ನಲ್ಲಿ ಶುದ್ಧ ಮಾಡಿದ ಜೋಡಿಗಳಷ್ಟರಲ್ಲೇ ದಿನ ಕಳೆಯುತ್ತೇವೆ ಎಂದರೆ ಅದು ಎಲ್ಲಕ್ಕಿಂತ ಭದ್ರ. ತೊಳೆಯುವ ಕೆಲಸ ಹೆಚ್ಚು, ಉಪಕರಣ ಹೆಚ್ಚು ಬೇಕು. ಬಿಸಾಡುವ ಬ್ಲೇಡು ಬಳಸಿದರೆ ಸಂದಿಯ ಕೊಳೆ ತಪ್ಪುತ್ತದೆ. ಕರಾವಳಿಯ ಲ್ಯಾಬುಗಳಿಗೆ ನಾನು ಹೇಳುವ ಎಚ್ಚರಿಕೆ ನಿಮಗೂ ಸ್ವಲ್ಪ ಅನ್ವಯಿಸುತ್ತದೆ: ಸ್ಟೀಲ್ ಉಪಕರಣವನ್ನು ಬ್ಲೀಚಿಂಗ್ ದ್ರಾವಣದಲ್ಲಿ ನೆನೆಹಾಕಬೇಡಿ. ಕ್ಲೋರೈಡು ಸ್ಟೀಲಿನಲ್ಲಿ ಸಣ್ಣ ಗುಳಿ ತೋಡುತ್ತದೆ, ಆ ಗುಳಿಯೇ ಮುಂದೆ ಬೀಜಕದ ಮನೆ. ಡಿಸ್ಟಿಲ್ಡ್ ನೀರಲ್ಲಿ ಜಾಲಿಸಿ, ಒಣಗಿಸಿ ಇಡಿ.

ದಂತವೈದ್ಯರ ಯಂತ್ರದ ಬಗ್ಗೆ ಕೇಳಿದ್ದೀರಿ. ಮನುಷ್ಯರ ಬಾಯಿಗೆ ಹೋಗುವ ಉಪಕರಣಕ್ಕೆ ಮಣಿಯ ಯಂತ್ರ ಸರಿಯಲ್ಲ. ಅದರಿಂದ ಉಪಕರಣ ಪೂರ್ತಿ ಶುದ್ಧವಾಗದೆ ಸೋಂಕು ತಗಲುವ ಅಪಾಯವಿದೆ ಎಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ ತೀರ್ಮಾನಿಸಿತು. ಆ ಇಲಾಖೆಯ ಅನುಮತಿ ಸಿಗುವವರೆಗೆ ಬಳಕೆ ನಿಲ್ಲಿಸಬೇಕೆಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಯ 2008ರ ಮಾರ್ಗದರ್ಶಿ ಹೇಳುತ್ತದೆ. ಕಾರಣ ನಿಮ್ಮ ಫೋಟೊದಲ್ಲಿ ಕಂಡದ್ದೇ, ಮುಳುಗಿದ ತುದಿ ಮಾತ್ರ ಕಾಯುತ್ತದೆ. ಬಾಟಲಿ ಹಾಳಾದರೆ ಚೆಲ್ಲಬಹುದು, ರೋಗಿಯ ವಿಷಯ ಹಾಗಲ್ಲ. ನಿಮ್ಮ ಯಂತ್ರದಲ್ಲಿ ಯಾರಾದರೂ ಕಿವಿ ಚುಚ್ಚುವ ಸೂಜಿಯನ್ನೋ ಮುಳ್ಳು ತೆಗೆಯುವ ಚಿಮಟವನ್ನೋ ಕಾಯಿಸಿಕೊಡಿ ಎಂದು ಕೇಳಿದರೆ ಇಲ್ಲ ಎನ್ನಿ.

ತಾಯಿ ಬಾಟಲಿಗಳಲ್ಲೇ ಬ್ಯಾಕ್ಟೀರಿಯಾ ಇದೆ ಎಂದು ಪರೀಕ್ಷೆ ಹೇಳಿದರೆ ಯಾವ ಯಂತ್ರವೂ ಅವನ್ನು ಉಳಿಸುವುದಿಲ್ಲ. ಆ ಸಾಲನ್ನೇ ಆಟೋಕ್ಲೇವ್ ಮಾಡಿ ಚೆಲ್ಲಿ, ಹೊಸ ಕಂದಿನಿಂದ ಆರಂಭಿಸಿ. ಹೊಸ ತಾಯಿಯ ಬುಡದ ಚೂರನ್ನು ಪ್ರತಿ ಸಬ್‌ಕಲ್ಚರ್‌ನಲ್ಲೂ ನ್ಯೂಟ್ರಿಯಂಟ್ ಅಗಾರ್ ಮೇಲಿಟ್ಟು ನೋಡಿ. ಮೂರು ಪರೀಕ್ಷೆಗಳ ಫಲ ಬಂದ ಮೇಲೆ ಬಾಟಲಿಗಳ ಸಂಖ್ಯೆಯ ಪಟ್ಟಿ ಸಮೇತ ಬರೆಯಿರಿ. ಅಷ್ಟರವರೆಗೆ ಆ ಜಾರಿನ ಸ್ಪಿರಿಟ್ಟನ್ನು ಚಿಮಟಕ್ಕೆ ಬಳಸಬೇಡಿ. ಮೇಜು ಒರೆಸಲು ಬೇಕಾದದ್ದನ್ನು ಹೊಸದಾಗಿ ಸ್ಪ್ರೇ ಬಾಟಲಿಯಲ್ಲಿ ತುಂಬಿ, ಯಂತ್ರ ಹಾಕುವ ಮೊದಲೇ ಒರೆಸಿ ಮುಗಿಸಿ, ಬಾಟಲಿಯನ್ನು ಕೋಣೆಯ ಹೊರಗೆ ಇಡಿ.